ಖಿನ್ನತೆಯ ಮಾತ್ರೆಯ ಜೊತೆ ವೈದ್ಯರ ಚೀಟಿಯಿಲ್ಲದೆ ಸಿಗುವ ಕ್ಯಾಪ್ಸೂಲ್‌ಗಳನ್ನು ಕೊಡಬಹುದೇ?

ಮಂಡ್ಯದಲ್ಲಿರುವ ನಿಮ್ಮ ತಾಯಿಯವರು ಖಿನ್ನತೆಗೆ ಎಸಿಟಲೋಪ್ರಾಮ್ ಸೇವಿಸುತ್ತಿದ್ದು, ಅದರೊಡನೆ ಆನ್‌ಲೈನಿನಲ್ಲಿ ತರಿಸಿದ ಸೇಂಟ್ ಜಾನ್ಸ್ ವರ್ಟ್ ಮತ್ತು ಅಶ್ವಗಂಧದ ಕ್ಯಾಪ್ಸೂಲ್‌ಗಳನ್ನು ಕೊಡಬಹುದೇ ಎಂದು ಕೇಳಿದ್ದೀರಿ. ಮೊದಲನೆಯದನ್ನು ದಯವಿಟ್ಟು ಕೊಡಬೇಡಿ. ಎಸಿಟಲೋಪ್ರಾಮ್‌ನಂತೆ ಆ ಮೂಲಿಕೆಯೂ ಮಿದುಳಿನಲ್ಲಿ, ನರಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವಾದ ಸೆರೊಟೋನಿನ್‌ನ ಪ್ರಭಾವವನ್ನು ಹೆಚ್ಚಿಸುವುದರಿಂದ, ಎರಡೂ ಸೇರಿದಾಗ ನಡುಕ, ವಿಪರೀತ ಬೆವರು, ಜ್ವರ, ಭೇದಿ, ಗೊಂದಲಗಳಿಂದ ಕೂಡಿದ, ಕೆಲವೊಮ್ಮೆ ಪ್ರಾಣಕ್ಕೇ ಎರವಾಗಬಲ್ಲ ಸೆರೊಟೋನಿನ್ ಸಿಂಡ್ರೋಮ್ ಉಂಟಾಗಬಹುದು. ಅಲ್ಲದೆ ಅದು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಮನೋರೋಗಕ್ಕೆ ಕೊಡುವ ಕ್ವೆಟಿಯಾಪಿನ್, ಗರ್ಭನಿರೋಧಕ ಗುಳಿಗೆ ಮುಂತಾದ ಬೇರೆ ಔಷಧಗಳ ಬಲವನ್ನೂ ತಗ್ಗಿಸುತ್ತದೆ. ಈಗಾಗಲೇ ಕೊಟ್ಟಿದ್ದು ಇಂತಹ ಲಕ್ಷಣಗಳು ಕಂಡಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅಶ್ವಗಂಧದ ಅಪಾಯ ಅಷ್ಟು ತೀವ್ರವಲ್ಲ. ಆದರೂ ಕ್ಲೋನಾಜೆಪಾಮ್‌ನಂತಹ ನಿದ್ರೆ ತರಿಸುವ ಮಾತ್ರೆಯೂ ಇದ್ದರೆ ಮಂಪರು ಹೆಚ್ಚಬಹುದು, ಥೈರಾಯ್ಡ್ ತೊಂದರೆಯುಳ್ಳವರಿಗೆ ಹಾರ್ಮೋನಿನ ಮಟ್ಟ ಏರುಪೇರಾಗಬಹುದು, ವಿರಳವಾಗಿ ಯಕೃತ್ತಿಗೂ ಹಾನಿಯಾದದ್ದುಂಟು. ಮೂಲಿಕೆಯಿಂದ ಏನೂ ಆಗದೆಂಬ ನಂಬಿಕೆಯಿಂದಲೇ ನಮ್ಮಲ್ಲಿ ಅನೇಕರು ಇದನ್ನು ವೈದ್ಯರಿಗೆ ಹೇಳುವುದೇ ಇಲ್ಲ. ನನಗೆ ಹೆಚ್ಚು ಆತಂಕ ತರುವುದು ಈ ಮೌನವೇ.

ಕ್ಯಾಪ್ಸೂಲ್ ಕೊಡಬೇಕೆಂದು ಎಸಿಟಲೋಪ್ರಾಮನ್ನು ಹಠಾತ್ತನೆ ನಿಲ್ಲಿಸಬೇಡಿ. ತಲೆಸುತ್ತು, ಚಡಪಡಿಕೆ ಕಾಣಿಸಿಕೊಳ್ಳಬಹುದು, ಖಿನ್ನತೆ ಮರುಕಳಿಸಬಹುದು. ತಾಯಿಯವರು ತೋರಿಸುತ್ತಿರುವ ವೈದ್ಯರ ಬಳಿಗೋ, ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೋ ಹೋಗುವಾಗ, ಎಲ್ಲ ಮಾತ್ರೆ, ಡಬ್ಬಿ, ಚೂರ್ಣಗಳನ್ನೂ ಜೊತೆಗೆ ಒಯ್ದು ತೋರಿಸಿ.