ಸ್ಟಾಟಿನ್ ಶುರು ಮಾಡಿದ ಮೇಲೆ ಅಪ್ಪನ ಎಸ್‌ಜಿಪಿಟಿ 78 ಆಗಿದೆ, ಮಾತ್ರೆ ನಿಲ್ಲಿಸಬೇಕಾ?

ನಿಮ್ಮ ಅಪ್ಪ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಅಟೋರ್ವಾಸ್ಟಾಟಿನ್ ತಗೊಳ್ಳೋಕೆ ಶುರು ಮಾಡಿ ಎರಡು ತಿಂಗಳಾಗಿದೆ, ಲಿವರ್‌ನ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ 78 ಬಂದಿದೆ, ಲಿವರ್ ಹಾಳಾಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗೇ ಮಾತ್ರೆ ನಿಲ್ಲಿಸಬೇಡಿ. ಆ ತಪ್ಪು ನಾನು ಮಾಡಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಸ್ಟೆಂಟ್ ಹಾಕಿದ ಮೇಲೆ ನನಗೂ ಇದೇ ಮಾತ್ರೆ, 40 ಮಿಲಿಗ್ರಾಂ. ಒಂದು ಸಲ ರಿಪೋರ್ಟಿನಲ್ಲಿ ಎಸ್‌ಜಿಪಿಟಿ 96 ಅಂತಿತ್ತು, ಪಕ್ಕದಲ್ಲಿ ದಪ್ಪಗೆ ‘ಎಚ್’, ಅಂದರೆ ಹೈ, ಅಂತ ಗುರುತು. ನೋಡಿದ ಕೂಡಲೇ ಕೈಕಾಲು ತಣ್ಣಗಾಯಿತು. ಯಾರನ್ನೂ ಕೇಳದೆ ಮಾತ್ರೆ ಬಿಟ್ಟೆ. ಎರಡು ತಿಂಗಳು ಬಿಟ್ಟು ನೋಡಿದರೆ 68 ಇದ್ದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 140 ದಾಟಿತ್ತು, ಎಸ್‌ಜಿಪಿಟಿ ಮಾತ್ರ ಇದ್ದಲ್ಲೇ ಇತ್ತು.

ಆಗ ಡಾಕ್ಟರು ಕೇಳಿದ್ದು ಒಂದೇ, ಮಾತ್ರೆ ಅಲ್ಲದೆ ಇನ್ನೇನು ತಗೋತೀರಿ ಅಂತ. ಕೊಟ್ಟಿಗೆ ಹಿಂದಿನ ಮಾವಿನ ಮರಕ್ಕೆ ಅಮೃತಬಳ್ಳಿ ಹಬ್ಬಿದೆ, ಅದರ ಹೆಬ್ಬೆರಳು ಗಾತ್ರದ ಕಾಂಡ ಜಜ್ಜಿ ಕುದಿಸಿ, ಕೊರೊನಾ ಕಾಲದಿಂದ ದಿನಾ ಬೆಳಿಗ್ಗೆ ಒಂದು ಲೋಟ ಕಷಾಯ ಕುಡಿಯುತ್ತಿದ್ದೆ. ಮನೆಮದ್ದು ತಾನೇ ಅಂತ ಯಾರಿಗೂ ಹೇಳಿರಲಿಲ್ಲ. ಇದನ್ನು ಕುಡಿದವರ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರಂತೆ ಅಂತ ಗೊತ್ತಾಗಿದ್ದೇ ಆಮೇಲೆ. ಕಷಾಯ ಬಿಟ್ಟೆ, ಡಾಕ್ಟರು ಹೇಳಿದಂತೆ ಮಾತ್ರೆ ಮತ್ತೆ ಶುರು ಮಾಡಿದೆ. ಮೂರು ತಿಂಗಳಿಗೆ 38ಕ್ಕೆ ಇಳಿಯಿತು.

ಸ್ಟಾಟಿನ್‌ನಿಂದಲೂ ಎಸ್‌ಜಿಪಿಟಿ ಏರುತ್ತದೆ, ಇಲ್ಲ ಅಂತಲ್ಲ. ಅದು ಕೆಲಸ ಮಾಡುವುದೇ ಲಿವರ್‌ನಲ್ಲಿ ಅಲ್ವಾ, ಅಲ್ಲಿ ಕೊಲೆಸ್ಟ್ರಾಲ್ ತಯಾರಾಗದಂತೆ ತಡೆಯುತ್ತದೆ. ಡಾಕ್ಟರುಗಳು ಚಿಂತೆ ಮಾಡುವುದು ನಾರ್ಮಲ್ ಮಿತಿಯ ಮೂರು ಪಟ್ಟು ದಾಟಿದರೆ, ಅಂದರೆ ಸುಮಾರು 120ರ ಮೇಲೆ. ಅಷ್ಟು ಏರುವುದು ನೂರರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ, ಡೋಸ್ ಜಾಸ್ತಿ ಇದ್ದಾಗ ಸ್ವಲ್ಪ ಹೆಚ್ಚು, ಅದೂ ಡೋಸ್ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಲಿವರ್ ನಿಜವಾಗಿ ಕೆಡುವುದು ತುಂಬಾ ಅಪರೂಪ. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ, ಶುರು ಮಾಡುವ ಮೊದಲು ಒಂದು ಸಲ ಲಿವರ್ ಟೆಸ್ಟ್ ಮಾಡಿ ನೋಡಿ, ಆಮೇಲೆ ಲಕ್ಷಣ ಕಂಡರೆ ನೋಡಿ ಸಾಕು ಅಂತ ಹೇಳಿತು.

ಹಾಗಾಗಿ ಮೊದಲು ಹಳೆ ರಿಪೋರ್ಟ್ ಹುಡುಕಿ. ಮಾತ್ರೆಗೆ ಮುಂಚೆ ಎಷ್ಟಿತ್ತು? ಆಗಲೇ 70 ಇದ್ದರೆ ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು ಸೇರಿಕೊಳ್ಳುವುದು) ಇರಬಹುದು, ಅಷ್ಟಕ್ಕೇ ಸ್ಟಾಟಿನ್ ನಿಲ್ಲಿಸುವುದಿಲ್ಲ.

ಆದರೆ ಕಣ್ಣು ಹಳದಿಯಾದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಊಟ ಸೇರದಿದ್ದರೆ, ಬಲಗಡೆ ಪಕ್ಕೆ ಕೆಳಗೆ ನೋವಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಜ್ವರ ಇದ್ದರೆ ಅದನ್ನೂ ಹೇಳಿ, ಮಳೆಗಾಲದಲ್ಲಿ ನಮ್ಮ ಕಡೆ ಇಲಿಜ್ವರದಿಂದಲೂ ಕಾಮಾಲೆ ಬರುತ್ತದೆ.

ಈಗ ಡಾಕ್ಟರ ಹತ್ತಿರ ಹೋಗುವಾಗ ಅಪ್ಪ ತಗೊಳ್ಳುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೈಕೈ ನೋವಿಗೆ ಅಂಗಡಿಯಿಂದ ತಂದ ಮಾತ್ರೆ, ಕಷಾಯ, ಚೂರ್ಣ, ಕುಡಿಯುವ ಅಭ್ಯಾಸ ಇದ್ದರೆ ಎಷ್ಟು ಅಂತ. ಅಪ್ಪನಿಗಿಂತ ಅಮ್ಮನನ್ನು ಕೇಳಿದರೆ ಪಟ್ಟಿ ಪೂರ್ತಿ ಸಿಗುತ್ತದೆ.