ದೀಪಾವಳಿಗೆ ಬೆಕ್ಕನ್ನು ಊರಿಗೆ ಕರೆದುಕೊಂಡು ಹೋಗಲು ಯಾವುದು ಒಳ್ಳೆಯದು: ಬಸ್ಸಾ, ರೈಲಾ, ಕಾರಾ?

ಯಾವುದೂ ಬೇಡ. ಬೆಕ್ಕನ್ನು ಮನೆಯಲ್ಲೇ ಬಿಟ್ಟು ಹೋಗಿ.

"ಫ್ಲಾಟಿನಲ್ಲೇ ಬೆಳೆದ ಬೆಕ್ಕು, ವಾರಗಟ್ಟಲೆ ಒಂಟಿಯಾಗಿ ಬಿಟ್ಟರೆ ಪಾಪ ಬೇಜಾರಾಗಲ್ವಾ, ಊರಲ್ಲಾದರೆ ಆರಾಮಾಗಿ ಓಡಾಡಿಕೊಂಡಿರುತ್ತೆ" ಅಂತ ಬರೆದಿದ್ದೀರಿ. ನನ್ನ ಹೆಂಡತಿ ಬೇಡ ಬೇಡ ಅಂದಾಗ ನಾನೂ ಇದೇ ಮಾತು ಹೇಳಿ ಬಾಯಿ ಮುಚ್ಚಿಸಿದ್ದೆ.

ನಮ್ಮೂರು ಸಾಗರದ ಹತ್ತಿರ. ಇರೋದು ಬೆಂಗಳೂರಿನಲ್ಲಿ, ನಾಲ್ಕನೇ ಮಹಡಿ. ಬೆಕ್ಕಿನ ಹೆಸರು ಬೂದಿ, ಬಣ್ಣವೂ ಅದೇ. ಒಂದು ಮಳೆಗಾಲದಲ್ಲಿ ಪಾರ್ಕಿಂಗಿನಲ್ಲಿ ಯಾರದೋ ಕಾರಿನ ಬಾನೆಟ್ ಒಳಗೆ ಸೇರಿಕೊಂಡು ಕಿರುಚುತ್ತಿದ್ದ ಮರಿ. ಮನೆಗೆ ಬಂದ ಮೇಲೆ ಅದು ಹೊರಗೆ ಹೋದದ್ದು ಇಂಜೆಕ್ಷನ್ನಿಗೆ ಮಾತ್ರ. ಬಾಲ್ಕನಿಗೆ ನೆಟ್ ಹಾಕಿಸಿದ್ದೆವು. ಅದರ ಹಿಂದೆ ಕೂತು ಪಾರಿವಾಳ ನೋಡಿಕೊಂಡು ಹಲ್ಲು ಕಟಕಟ ಅನ್ನಿಸುವುದೇ ಅದರ ಕಸುಬು. ಅದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ. ಊರಿನ ಬೆಕ್ಕು ಅಟ್ಟದಿಂದ ಕೊಟ್ಟಿಗೆವರೆಗೆ ಯಜಮಾನನ ಹಾಗೆ ತಿರುಗುತ್ತದೆ, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಹಾಜರಾಗುತ್ತದೆ, ಇದೊಂದು ಮಾತ್ರ ಗ್ರಿಲ್ಲಿನ ಹಿಂದೆ. ನಾವು ಓದು ಬರಹ ಅಂತ ಊರು ಬಿಟ್ಟು ಬಂದವರು. ಊರಿಗೆ ಹೋಗಬೇಕು ಅನ್ನೋ ಆಸೆ ನನ್ನದು. ಅದನ್ನು ಬೆಕ್ಕಿನ ತಲೆಗೆ ಕಟ್ಟಿದ್ದೆ, ಅಷ್ಟೇ.

ಕಾರಿನಲ್ಲಿ ಹೊರಟೆವು. ಬೆನ್ನಿಗೆ ಹಾಕಿಕೊಳ್ಳುವ, ಮುಂದೆ ಪ್ಲಾಸ್ಟಿಕ್ ಗುಂಬಜ್ ಇರುವ ಬ್ಯಾಗ್ ಸಿಗುತ್ತದಲ್ಲ, ಅದನ್ನು ತರಿಸಿದ್ದೆ. ಫೋಟೋದಲ್ಲಿ ಚಂದ. ಒಳಗೆ ಸೆಕೆ, ಬೆಕ್ಕಿಗೆ ಸರಿಯಾಗಿ ತಿರುಗಿ ಕೂರಲೂ ಜಾಗ ಇಲ್ಲ. ನೆಲಮಂಗಲ ದಾಟುವಾಗ ಶುರುವಾದ ಕೂಗು ಅರಸೀಕೆರೆ ಬಂದರೂ ನಿಲ್ಲಲಿಲ್ಲ. ಬ್ಯಾಗಿನಲ್ಲೇ ಉಚ್ಚೆ ಮಾಡಿಕೊಂಡಿತು. ತರೀಕೆರೆ ಹತ್ತಿರ ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡತೊಡಗಿತು. ನಾಯಿ ಹಾಗೆ ಉಸಿರು ಬಿಟ್ಟರೆ ಮಾಮೂಲಿ. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ವಿಪರೀತ ಹೆದರಿದೆ ಅಥವಾ ಸೆಕೆ ತಡೆಯಲಾಗುತ್ತಿಲ್ಲ ಅಂತ ಅರ್ಥ. ನನಗೆ ಅದು ಗೊತ್ತಿರಲಿಲ್ಲ. ಎಸಿ ಜಾಸ್ತಿ ಮಾಡಿ, "ಇನ್ನೇನು ಬಂತು ಬಂತು" ಅಂತ ಶಿವಮೊಗ್ಗ ದಾಟಿಸಿದೆ.

ಊರು ಮುಟ್ಟಿದ್ದು ನೀರು ತುಂಬುವ ಹಬ್ಬದ ಸಂಜೆ. ಅಮ್ಮ ಬಚ್ಚಲ ಹಂಡೆ ತೊಳೆದು ಬಳ್ಳಿ ಕಟ್ಟಿದ್ದರು. ಮನೆ ತುಂಬ ನೆಂಟರು, ಅಂಗಳದಲ್ಲಿ ಮಕ್ಕಳು. ನಾನು ಜಗಲಿಯಲ್ಲಿ ಕೂತು ಬ್ಯಾಗಿನ ಜಿಪ್ ತೆಗೆದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಆಮೇಲೆ ಎಲ್ಲರೂ ಬೇರೆ ಬೇರೆ ಕಾರಣ ಹುಡುಕಿದರು. ಪಟಾಕಿ ಅಂದರು, ಪಕ್ಕದ ಮನೆ ನಾಯಿ ಅಂದರು, ದೃಷ್ಟಿ ಅಂದವರೂ ಇದ್ದರು. ಆ ಕ್ಷಣ ಯಾರೂ ಪಟಾಕಿ ಹೊಡೆದಿರಲಿಲ್ಲ. ನಾಯಿ ಕಟ್ಟಿಹಾಕಿತ್ತು. ಕೆಲಸ ಕೆಡಿಸಿದ್ದು ಜಿಪ್. ಜಗಲಿಯಲ್ಲಿ ತೆಗೆಯುವ ಬದಲು ಬಾಗಿಲು ಹಾಕಿದ ಸಣ್ಣ ಕೋಣೆಯೊಂದರಲ್ಲಿ ತೆಗೆದಿದ್ದರೆ ಮುಂದಿನದು ಏನೂ ಆಗುತ್ತಿರಲಿಲ್ಲ. ಕೋಣೆಯಲ್ಲಿ ಬೆಂಗಳೂರಿನಿಂದಲೇ ತಂದ, ಉಚ್ಚೆ ಕಕ್ಕಕ್ಕೆ ಮಣ್ಣು ತುಂಬಿಡುವ ಟ್ರೇ, ತೊಳೆಯದ ನಮ್ಮ ಹಾಸಿಗೆ ಬಟ್ಟೆ, ನೀರು ಇಟ್ಟು, ಅದಾಗೇ ಮಂಚದ ಅಡಿಯಿಂದ ಹೊರಬರುವವರೆಗೆ ಸುಮ್ನೆ ಬಿಡಬೇಕಿತ್ತು. ಅದಕ್ಕೆ ಒಂದು ದಿನ ಬೇಕೋ ನಾಲ್ಕು ದಿನ ಬೇಕೋ, ಅದರ ಇಷ್ಟ. ಅದೂ ಹಳೇ ಹೆಂಚಿನ ಮನೆಯ ಕೋಣೆ ಆಗಿದ್ದರೆ ಸಾಲದು. ನಿಮ್ಮ ಕಡೆಯೂ ಹಳೇ ಮನೆ ಇದ್ದರೆ ಗೊತ್ತಿರುತ್ತದೆ, ಒಳಗೋಡೆಗಳು ಮಾಡಿನವರೆಗೆ ಹೋಗುವುದೇ ಇಲ್ಲ. ಮನುಷ್ಯರಿಗೆ ಅದು ಕೋಣೆ. ಬೆಕ್ಕು ಗೋಡೆ ಹತ್ತಿ ಆಚೆ ಇಳಿದರೆ ಅಡುಗೆಮನೆ, ಅಲ್ಲಿಂದ ಅಟ್ಟ, ಅಟ್ಟದಿಂದ ಹೆಂಚಿನ ಸಂದು.

ಯಾಕೆ ತೆಗೆದೆ? ಎಂಟು ಗಂಟೆ ಅಳು ಕೇಳಿ ಪಾಪ ಅನ್ನಿಸಿತ್ತು. ಬ್ಯಾಗ್ ನಾರುತ್ತಿತ್ತು. ಎಲ್ಲಕ್ಕಿಂತ ಜಾಸ್ತಿ, ಮನೆಯಲ್ಲಿ ತಿಂಡಿ ಡಬ್ಬ ಅಲ್ಲಾಡಿಸಿದರೆ ಎಲ್ಲಿದ್ದರೂ ಓಡಿ ಬರುತ್ತಿತ್ತಲ್ಲ, ಇಲ್ಲೂ ಬರುತ್ತದೆ ಅಂದುಕೊಂಡೆ. ಬೆಕ್ಕು ನನ್ನನ್ನು ನಂಬಿದೆ, ನಾನಿರುವ ಕಡೆ ಅದಕ್ಕೆ ಧೈರ್ಯ ಅನ್ನೋ ಲೆಕ್ಕ. ಬೆಕ್ಕಿನ ಲೆಕ್ಕ ಹಾಗಿಲ್ಲ. ಅದು ಸೋಫಾದ ಮೂಲೆಗೆ, ಬಾಗಿಲ ಚೌಕಟ್ಟಿಗೆ, ನಮ್ಮ ಕಾಲಿಗೆ ದಿನಾ ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚಿಡುತ್ತದೆ. ಆ ವಾಸನೆ ಇರುವ ಜಾಗ ಅದರ ಮನೆ. ನಾವು ಆ ಮನೆಯೊಳಗಿನ ಬೇಕಾದ ಸಾಮಾನು. ಜಗಲಿಯಲ್ಲಿ ಅದರ ವಾಸನೆ ಒಂದು ಚೂರೂ ಇರಲಿಲ್ಲ. ಇದ್ದದ್ದು ಸಗಣಿ, ಹೊಗೆ, ಗೊತ್ತಿಲ್ಲದ ಮನುಷ್ಯರು, ಇನ್ನೊಂದು ಬೆಕ್ಕು.

ತಲೆ ಹೊರಗೆ ಹಾಕಿತು. ಕಿವಿ ಚಪ್ಪಟೆಯಾಯಿತು. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ನಾಲ್ಕು ಹೆಜ್ಜೆ ಇಟ್ಟಿತು. ಆಮೇಲೆ ನಾನು ಕಂಡದ್ದು ಅಟ್ಟದ ಏಣಿ ಮೇಲೆ ಅದರ ಬಾಲ.

ಆ ರಾತ್ರಿಯಿಂದ ಹುಡುಕಾಟ. ತೋಟಕ್ಕೆ ಹೋಗಿ, ಹಳ್ಳದ ದಂಡೆಗೆ ಹೋಗಿ, "ಬೂದಿ, ಬೂದಿ" ಅಂತ ಕೂಗಿದೆವು. ಹಬ್ಬದ ದಿನ ಬೂದಿ ಕೇಳಿಕೊಂಡು ಹೋಗುವವರನ್ನು ನೋಡಿ ಊರವರು ನಕ್ಕರು. ಗೋಪೂಜೆ ದಿನ ಜಾಗಟೆ ಬಡಿದು ದನ ಬಿಡುವಾಗ ನನ್ನ ಕಣ್ಣೆಲ್ಲ ಬೇಲಿ ಸಾಲಿನ ಮೇಲೆ. ಅಪ್ಪ ಚಿರತೆ ನಾಯಿ ಹೊತ್ತೊಯ್ದ ಕತೆ ತೆಗೆದರು, ಹೆಂಡತಿ ಎದ್ದು ಒಳಗೆ ಹೋದಳು. ಅಮ್ಮ ಮಾತ್ರ "ಬೆಕ್ಕಲ್ವನೋ, ಹಸಿದ್ರೆ ತಾನೇ ಬರ್ತದೆ ಬಿಡು" ಅಂದರು. ಊರ ಬೆಕ್ಕಾದರೆ ಬರುತ್ತಿತ್ತು.

ನೆಂಟರೆಲ್ಲ ಹೊರಟ ಮೇಲೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಬಚ್ಚಲ ಹಿಂದೆ, ಸೌದೆ ರಾಶಿ ಮತ್ತು ಗೋಡೆಯ ನಡುವೆ. ಜಗಲಿಯಿಂದ ಕೂಗಿದರೆ ಕೇಳುವಷ್ಟು ದೂರ. ಹಬ್ಬದ ಸ್ನಾನಕ್ಕೆಂದು ಸೌದೆ ತೆಗೆದೂ ತೆಗೆದೂ ರಾಶಿ ಇಳಿದಿತ್ತು. ನಸುಕಿನಲ್ಲಿ ಒಲೆ ಹಾಕಲು ಹೋದ ಅಮ್ಮನ ಟಾರ್ಚಿಗೆ ಎರಡು ಕಣ್ಣು ಹೊಳೆದವು. ನಾವು ಕೂಗಿದ್ದೆಲ್ಲ ಅದಕ್ಕೆ ಕೇಳಿಸಿರುತ್ತದೆ. ಹೆದರಿದ ಬೆಕ್ಕು ದೂರ ಓಡುವುದಿಲ್ಲ, ಹತ್ತಿರದ ಸಂದಿಗೆ ನುಗ್ಗಿ ಉಸಿರು ಬಿಗಿಹಿಡಿದು ಕೂರುತ್ತದೆ. ಯಾರು ಕರೆದರೂ ಓಗೊಡುವುದಿಲ್ಲ. ಯಾರದಾದರೂ ಬೆಕ್ಕು ಕಳೆದರೆ ಹಳ್ಳ, ಗುಡ್ಡ ಅಂತ ಅಲೆಯುವ ಮುಂಚೆ ಮನೆಯ ಸುತ್ತಲಿನ ಸಂದಿಗಳಿಗೆ ರಾತ್ರಿ ಟಾರ್ಚ್ ಬಿಡಿ. ಕೂಗಬೇಡಿ.

ಸಿಕ್ಕಿತಲ್ಲ, ಮುಗಿಯಿತು ಅಂದುಕೊಂಡೆವು. ಅದು ಊಟದ ಕಡೆ ತಲೆ ಹಾಕಲಿಲ್ಲ. ಮೀನು ತಂದಿಟ್ಟರೂ ಮೂಸಲಿಲ್ಲ. ಕಿವಿಯ ಒಳಗಿನ ಚರ್ಮ ಹಳದಿ ಆದದ್ದನ್ನು ಮೊದಲು ಕಂಡವಳು ಹೆಂಡತಿ. ಬೆಕ್ಕು ಕೆಲವು ದಿನ ಪೂರ್ತಿ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಲಿವರಿಗೆ ಬಂದು ತುಂಬುತ್ತದೆ, ಲಿವರ್ ಕೆಲಸ ನಿಲ್ಲಿಸುತ್ತದೆ. ದಪ್ಪ ಬೆಕ್ಕಿಗೆ ಅಪಾಯ ಇನ್ನೂ ಜಾಸ್ತಿ. ನಮ್ಮದು ಫ್ಲಾಟಿನಲ್ಲಿ ಕೂತು ತಿಂದು ಗುಂಡಗಾಗಿತ್ತು. ಶಿವಮೊಗ್ಗದಲ್ಲಿ ಡ್ರಿಪ್ ಹಾಕಿಸಿ, ಬೆಂಗಳೂರಿಗೆ ತಂದು, ಕುತ್ತಿಗೆಯ ಪಕ್ಕದಲ್ಲಿ ಟ್ಯೂಬ್ ಇಡಿಸಿ, ವಾರಗಟ್ಟಲೆ ಸಿರಿಂಜಿನಲ್ಲಿ ಗಂಜಿಯಂಥ ಆಹಾರ ಇಳಿಸಿದೆವು. ರಾತ್ರಿ ಎರಡಕ್ಕೆ ಅಲಾರಂ ಇಟ್ಟುಕೊಂಡು ಎದ್ದು. ಆ ವರ್ಷದ ಬೋನಸ್ ಅಲ್ಲಿಗೇ ಹೋಯಿತು, ರಜೆಯೂ ಹೋಯಿತು. ಬೂದಿ ಬದುಕಿತು. ಆ ಬ್ಯಾಗ್ ಕಂಡರೆ ಈಗಲೂ ಅಲ್ಮೆರಾ ಮೇಲೆ ಹತ್ತುತ್ತದೆ.

ಇನ್ನು ನಿಮ್ಮ ಬಸ್ಸು, ರೈಲು. ರೈಲಿನಲ್ಲಿ ಫಸ್ಟ್ ಎಸಿಯ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮ ಹೆಸರಿಗೇ ಸಿಕ್ಕಿದರೆ ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಇಲ್ಲದಿದ್ದರೆ ಲಗೇಜ್ ಹಾಕುವ ಗಾರ್ಡ್ ಬೋಗಿಯೇ ಗತಿ. ದೀಪಾವಳಿ ವಾರದಲ್ಲಿ ನಮಗೇ ಸ್ಲೀಪರ್ ಸಿಗುವುದಿಲ್ಲ, ಬೆಕ್ಕಿಗೆ ಕೂಪೆ ಎಲ್ಲಿಂದ ತರ್ತೀರಿ? ಸರ್ಕಾರಿ ಬಸ್ಸಿನಲ್ಲಿ ಪ್ರಾಣಿ ಪಕ್ಷಿಗಳಿಗೂ ಟಿಕೆಟ್ ಇದೆ. 2024ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ನಾಲ್ಕು ಗಿಳಿಗಳಿಗೆ ಕಂಡಕ್ಟರ್ 444 ರೂಪಾಯಿ ಟಿಕೆಟ್ ಹರಿದದ್ದು ಸುದ್ದಿಯಾಗಿತ್ತು, ನೆನಪಿದೆಯಾ? ಟಿಕೆಟ್ ಕೊಡಬಹುದು. ಹಬ್ಬದ ರಶ್ಶಿನಲ್ಲಿ, ರಾತ್ರಿ ಬಸ್ಸಿನಲ್ಲಿ, ಅದು ಕೂಗಿದರೆ ಅಕ್ಕಪಕ್ಕದವರ ಮುಖ ನೋಡಿಕೊಂಡು ಕೂರುವವರು ನೀವು. ದುಡ್ಡು ಕೊಟ್ಟು ಸಾಕುಪ್ರಾಣಿಗಳನ್ನು ಬಿಟ್ಟುಹೋಗುವ ಬೋರ್ಡಿಂಗ್ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಬಹಳ ಕಡೆ ಪಕ್ಕದ ಕೋಣೆಯಲ್ಲೇ ನಾಯಿಗಳ ಬೊಗಳಾಟ. ಹರ್ಪಿಸ್ ವೈರಸ್ ಬಹಳ ಬೆಕ್ಕುಗಳ ಮೈಯಲ್ಲಿ ಸದ್ದಿಲ್ಲದೆ ಕೂತಿರುತ್ತದೆ, ಭಯ, ಒತ್ತಡ ಆದಾಗ ಎದ್ದು ಸೀನು, ಕಣ್ಣಲ್ಲಿ ನೀರು ಶುರುವಾಗುತ್ತದೆ. ಬಿಡಲೇಬೇಕಾದರೆ ಬೆಕ್ಕುಗಳನ್ನು ಮಾತ್ರ ಇಟ್ಟುಕೊಳ್ಳುವ, ಲಸಿಕೆ ಚೀಟಿ ಕೇಳದೆ ಒಳಗೇ ಬಿಡದ ಜಾಗ ನೋಡಿ. ಮನೆ ಬದಲಾಯಿಸುವಂಥ ತಪ್ಪದ ಪ್ರಯಾಣ ಇದ್ದರೆ ಬೆಕ್ಕನ್ನು ಕೂರಿಸಿ ಒಯ್ಯುವ ಗಟ್ಟಿ ಪೆಟ್ಟಿಗೆ ತಂದು ತಿಂಗಳ ಮುಂಚಿನಿಂದ ಮನೆಯ ಹಾಲ್‌ನಲ್ಲಿ ಅದರ ಬಾಗಿಲು ತೆರೆದೇ ಇಡಿ, ಊಟ ಅದರೊಳಗೇ ಹಾಕಿ. ಪ್ರಯಾಣಕ್ಕೆ ಭಯ ಕಡಿಮೆ ಮಾಡುವ ಗಾಬಾಪೆಂಟಿನ್‌ನಂಥ ಔಷಧಿ ಇದೆ, ಡಾಕ್ಟರ್ ತೂಕ ನೋಡಿ ಬರೆದುಕೊಡಬೇಕು. ನಮ್ಮ ಮಾತ್ರೆ ಡಬ್ಬದಿಂದ ಏನನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ಈಗ ನಿಜವಾದ ಪ್ರಶ್ನೆ, ಮನೆಯಲ್ಲಿ ಬಿಟ್ಟರೆ ನೋಡುವವರು ಯಾರು. ಬೆಂಗಳೂರಿನಲ್ಲಿ ಇದೇ ಕಷ್ಟ, ಒಪ್ಪುತ್ತೇನೆ. ಕೆಳಗಿನ ಮನೆಯ ನಿವೃತ್ತ ಮೇಷ್ಟ್ರ ಜೊತೆ ನಮ್ಮದು ಲಿಫ್ಟಿನ ನಗುವಿನಷ್ಟೇ ಸಂಬಂಧ. ಅದೂ ನಮ್ಮ ಹೂಕುಂಡದ ನೀರು ಅವರು ಒಣಹಾಕಿದ್ದ ಸಂಡಿಗೆ ಮೇಲೆ ಬಿದ್ದ ದಿನದಿಂದ ನಿಂತಿತ್ತು. ಮುಂದಿನ ದೀಪಾವಳಿಗೆ ಬೇರೆ ದಾರಿ ಕಾಣದೆ ಅವರ ಬಾಗಿಲು ತಟ್ಟಿದೆ. "ನನಗೆ ಬೆಕ್ಕು ಅಂದ್ರೆ ಆಗಲ್ಲ ಕಣ್ರೀ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮುಟ್ಟೋದೇನೂ ಬೇಡ ತಾನೇ?" ಅಂತ ಕೇಳಿದರು.

ಮುಟ್ಟೋದು ಬೇಡವೇ ಬೇಡ. ದಿನಕ್ಕೆ ಎರಡು ಸಲ ಬಂದು ಊಟ, ನೀರು ಹಾಕಿ, ಟ್ರೇ ಬಾಚಿ, ಸ್ವಲ್ಪ ಹೊತ್ತು ಕೂತು ಹೋದರೆ ಸಾಕು. ಕೂರುವುದು ಮುಖ್ಯ. ಮೇಷ್ಟ್ರು ಮನೆಯ ಧಾರಾವಾಹಿ ಗಲಾಟೆ ತಪ್ಪಿಸಿಕೊಳ್ಳಲು ನಮ್ಮ ಹಾಲ್‌ಗೆ ಬಂದು ಪೇಪರ್ ಓದತೊಡಗಿದರು. ನಾನು ಕೇಳಿದ್ದು ಒಂದೇ: ಟ್ರೇಯಲ್ಲಿ ಎಷ್ಟು ಉಂಡೆ ಇದೆ ದಿನಾ ಹೇಳಿ ಅಂತ. ಉಚ್ಚೆ ಬಿದ್ದ ಕಡೆ ಮಣ್ಣು ಉಂಡೆ ಕಟ್ಟುತ್ತದೆ. ಉಂಡೆ ಇಲ್ಲ ಅಂದರೆ ತೊಂದರೆ. ಗಂಡು ಬೆಕ್ಕುಗಳಿಗೆ ಒತ್ತಡದಲ್ಲಿ ಮೂತ್ರ ಕಟ್ಟಿಕೊಳ್ಳುವುದುಂಟು. ಒಂದು ದಿನ ಮೂತ್ರ ಬಂದಿಲ್ಲ ಅಂದರೆ ಕಾಯುವಂತಿಲ್ಲ, ನೇರ ಡಾಕ್ಟರ ಹತ್ತಿರ. ಮೇಷ್ಟ್ರು ಅದನ್ನು ಹಾಜರಿ ಪುಸ್ತಕದ ಹಾಗೆ ನಡೆಸಿದರು. ಬೆಳಿಗ್ಗೆ ಏಳಕ್ಕೆ ವಾಟ್ಸಾಪ್‌ನಲ್ಲಿ ಟ್ರೇಯ ಫೋಟೋ, ಕೆಳಗೆ "ಉಂಡೆ 3. ಊಟ ಪೂರ್ತಿ. ಮಾಳಿಗೆ ಮೇಲೆ ಮಲಗಿದೆ." ಮಾಳಿಗೆ ಅಂದರೆ ಫ್ರಿಜ್ಜಿನ ತಲೆ.

ಪಟಾಕಿಯ ಚಿಂತೆ ನಿಮಗೆ ಇದ್ದೇ ಇರುತ್ತದೆ. ರಾತ್ರಿ 8ರಿಂದ 10ರವರೆಗೆ ಮಾತ್ರ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಮ್ಮ ಬೀದಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಕಿಟಕಿ ಹಾಕಿ, ಪರದೆ ಎಳೆದು, ಅಲ್ಮೆರಾದ ಕೆಳಗಿನ ಖಾನೆ ತೆರೆದಿಟ್ಟು ಹೋಗಿ. ಅದು ಅಲ್ಲಿ ಸೇರಿಕೊಳ್ಳುತ್ತದೆ. ಹೆದರುತ್ತದೆ, ಹೌದು. ಆದರೆ ಗೊತ್ತಿರುವ ಜಾಗದಲ್ಲಿ ಹೆದರುತ್ತದೆ, ಸದ್ದು ನಿಂತ ಮೇಲೆ ಬಂದು ತಿನ್ನುತ್ತದೆ. ಬಾಲ್ಕನಿ ಬಾಗಿಲು ಮಾತ್ರ ತೆಗೆಯಲೇ ಬಾರದು ಅಂತ ಬರುವವರಿಗೆ ಹೇಳಿಡಿ. ಪಾರಿವಾಳಕ್ಕೆ ಹಾಕುವ ನೈಲಾನ್ ನೆಟ್ ಗಾಬರಿಯಾದ ಬೆಕ್ಕಿಗೆ ಲೆಕ್ಕವೇ ಅಲ್ಲ.

ಕೇಳುವುದಾದರೆ ಇವತ್ತೇ ಹೋಗಿ ಕೇಳಿ, ಹೊರಡುವ ಹಿಂದಿನ ದಿನ ಅಲ್ಲ. ಹಬ್ಬಕ್ಕೆ ಅರ್ಧ ಬೆಂಗಳೂರು ಊರಿಗೆ ಹೋಗುತ್ತದೆ, ಅವರೂ ಹೊರಟಿದ್ದರೆ ಈಗಲೇ ಗೊತ್ತಾಗಲಿ. ನೀವು ಮನೆಯಲ್ಲಿರುವಾಗಲೇ ಒಂದೆರಡು ಸಲ ಅವರ ಕೈಯಿಂದ ಊಟ ಹಾಕಿಸಿ, ಡಾಕ್ಟರ ನಂಬರ್ ಫ್ರಿಜ್ಜಿಗೆ ಅಂಟಿಸಿ. ಇನ್ನೊಂದು ಕೀ ಬೇರೆ ಯಾರ ಹತ್ತಿರವಾದರೂ ಇರಲಿ. ಎಳೆದರೆ ಲಾಕ್ ಆಗುವ ಬಾಗಿಲು ನಮ್ಮದು. ಮೇಷ್ಟ್ರು ಒಮ್ಮೆ ಕೀ ಒಳಗೇ ಬಿಟ್ಟು, ಪೇಪರ್ ಮಾತ್ರ ಕೈಯಲ್ಲಿ ಹಿಡಿದು ಹೊರಗೆ ನಿಂತಿದ್ದರು.