ಗೊಂಬೆಯ ಪರೀಕ್ಷೆಯಲ್ಲಿ ಮಗ ತಪ್ಪು ಹೇಳಿದ

ಪ್ರಶ್ನೆ: ನನ್ನ ಮಗನಿಗೆ ಐದೂವರೆ ವರ್ಷ. ಹುಟ್ಟಿನಿಂದ ಕಿವಿ ಸರಿಯಾಗಿ ಕೇಳಿಸದಿದ್ದರೂ ನಮಗೆ ಗೊತ್ತಾಗಿದ್ದು ತಡವಾಗಿ. ಮೂರು ವರ್ಷ ತುಂಬಿದ ಮೇಲೆ ಶ್ರವಣ ಸಾಧನ ಹಾಕಿಸಿದೆವು. ಈಚೆಗೆ ಒಬ್ಬರು ಎರಡು ಗೊಂಬೆ ಇಟ್ಟು ಪರೀಕ್ಷಿಸಿ, ಇವನಿಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ, ಆಟಿಸಂ ಇರಬಹುದು ಎಂದರು. ಆದರೆ ಅಜ್ಜಿ ಪೇಪರ್ ಕೈಗೆತ್ತಿಕೊಂಡರೆ ಇವನೇ ಓಡಿಹೋಗಿ ಕನ್ನಡಕ ತಂದುಕೊಡುತ್ತಾನೆ. ಯಾವುದನ್ನು ನಂಬಲಿ?
– ಹೆಸರು ಬೇಡ, ಮಂಡ್ಯ

ಉತ್ತರ: ಎರಡನ್ನೂ ನಂಬಿ, ಆದರೆ ಗೊಂಬೆಯ ಪರೀಕ್ಷೆಯಿಂದ ಅವರು ತೆಗೆದ ತೀರ್ಮಾನವನ್ನು ಈಗಲೇ ಒಪ್ಪಬೇಡಿ. ಅಜ್ಜಿಗೆ ಏನು ಬೇಕೆಂದು ನಿಮ್ಮ ಮಗನಿಗೆ ತಿಳಿಯುತ್ತದೆ. ಅಜ್ಜಿ ತಪ್ಪಾಗಿ ಏನನ್ನು ನಂಬಿದ್ದಾರೆಂದು ಊಹಿಸುವುದು ಅದರ ನಂತರದ ಮೆಟ್ಟಿಲು. ಸಾಮಾನ್ಯವಾಗಿ ಮಕ್ಕಳು ನಾಲ್ಕೈದು ವರ್ಷಕ್ಕೆ ಅದನ್ನು ಹತ್ತುತ್ತಾರೆ.

ಒಂದು ಗೊಂಬೆ ಬುಟ್ಟಿಯಲ್ಲಿ ಗೋಲಿ ಇಟ್ಟು ಹೊರಗೆ ಹೋಗುತ್ತದೆ, ಇನ್ನೊಂದು ಅದನ್ನು ಪೆಟ್ಟಿಗೆಗೆ ಸಾಗಿಸುತ್ತದೆ, ಮರಳಿದ ಗೊಂಬೆ ಗೋಲಿಯನ್ನು ಎಲ್ಲಿ ಹುಡುಕೀತು ಎಂದು ಕೇಳುವ ಈ ಪರೀಕ್ಷೆಯನ್ನು 1985ರಲ್ಲಿ ಸೈಮನ್ ಬ್ಯಾರನ್-ಕೋಹೆನ್, ಆಲನ್ ಲೆಸ್ಲಿ ಮತ್ತು ಊಟಾ ಫ್ರಿತ್ ಅವರು ಆಟಿಸಂ ಇದ್ದ 20 ಮಕ್ಕಳ ಮೇಲೆ ನಡೆಸಿದಾಗ 16 ಮಕ್ಕಳು ‘ಬುಟ್ಟಿಯಲ್ಲಿ’ ಎನ್ನುವ ಬದಲು ಗೋಲಿ ನಿಜವಾಗಿ ಇದ್ದ ಪೆಟ್ಟಿಗೆಯನ್ನು ತೋರಿಸಿ ತಪ್ಪು ಹೇಳಿದರು. ಉಳಿದ ನಾಲ್ವರು ಸರಿಯಾಗಿ ಹೇಳಿದ್ದರು ಎಂಬುದನ್ನು ಮರೆಯುವವರೇ ಹೆಚ್ಚು. ಅದು ಸಂಶೋಧನೆಗಾಗಿ ರೂಪಿಸಿದ ಪರೀಕ್ಷೆ. ಅದೊಂದರಿಂದಲೇ ಆಟಿಸಂ ಇದೆ ಎನ್ನಲಾಗದು, ಇಲ್ಲ ಎನ್ನಲೂ ಆಗದು.

ನಿಮಗೆ ಹೆಚ್ಚು ಮುಖ್ಯವಾದದ್ದು 1995ರಲ್ಲಿ ಪೀಟರ್ಸನ್ ಮತ್ತು ಸೀಗಲ್ ಪ್ರಕಟಿಸಿದ ಅಧ್ಯಯನ. ಕಿವಿ ಕೇಳಿಸದ, ಎಂಟರಿಂದ ಹದಿಮೂರು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂಥದೇ ಪರೀಕ್ಷೆಯಲ್ಲಿ ತಪ್ಪಿದರು. ಆದರೆ ತಂದೆತಾಯಿಯಿಂದಲೇ ಹುಟ್ಟಿನಿಂದ ಸಂಜ್ಞಾಭಾಷೆ ಕಲಿತ ಕಿವುಡ ಮಕ್ಕಳಲ್ಲಿ ಈ ವಿಳಂಬ ಕಾಣುವುದಿಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಮನಸ್ಸಿನ ಬಗ್ಗೆ ಆಡುವ ಮಾತು ಮಗುವನ್ನು ತಲುಪಿತೇ ಎಂಬುದೇ ಇಲ್ಲಿ ನಿರ್ಣಾಯಕ. ನಮ್ಮ ಕನ್ನಡದಲ್ಲಿ ‘ಅಂದುಕೊಳ್ಳುವುದು’ ಎಂಬ ಪದದೊಳಗೇ ‘ಅನ್ನುವುದು’ ಇದೆ. ಮೊದಲ ಮೂರು ವರ್ಷ ಆ ಪದವೇ ಕಿವಿಗೆ ಬೀಳದ ಮಗುವಿಗೆ ಅದರ ಅರ್ಥ ತಡವಾಗಿ ಒಲಿದರೆ ಅದು ಮಗುವಿನ ಕೊರತೆಯಲ್ಲ.

ಹಾಗೆಂದು ಆಟಿಸಂ ಇಲ್ಲವೇ ಇಲ್ಲ ಎಂದು ಪತ್ರ ಓದಿ ನಾನು ಹೇಳಲಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ, ಮಾತು, ಮನಶ್ಶಾಸ್ತ್ರ ಮೂರೂ ವಿಭಾಗಗಳಿವೆ. ಹಳೆಯ ಶ್ರವಣ ಪರೀಕ್ಷೆಯ ವರದಿಗಳೊಂದಿಗೆ ಅಲ್ಲಿಗೆ ಕರೆದೊಯ್ಯಿರಿ. ಪರೀಕ್ಷೆಯ ದಿನ ಸಾಧನದ ಬ್ಯಾಟರಿ ಹೊಸದಿರಲಿ.

ಮನೆಯಲ್ಲೂ ಒಂದು ಕೆಲಸ ಮಾಡಿ. ಅಜ್ಜಿಯ ಕನ್ನಡಕವನ್ನು ಟೇಬಲ್ಲಿನಿಂದ ತೆಗೆದು ಅವನೆದುರೇ ಗೂಡಿನಲ್ಲಿಡಿ. ‘ಅಜ್ಜಿ ಬಂದಾಗ ಮೊದಲು ಎಲ್ಲಿ ಹುಡುಕುತ್ತಾರೆ?’ ಎಂದು ಎದುರು ಕೂತು ಕೇಳಿ. ಪ್ರಶ್ನೆಯಲ್ಲಿ ‘ಮೊದಲು’ ಎಂಬುದೊಂದನ್ನು ಸೇರಿಸಿದರೆ ಮೂರು ವರ್ಷದ ಮಕ್ಕಳೂ ಹೆಚ್ಚು ಸರಿಯಾಗಿ ಉತ್ತರಿಸಿದ್ದು 1991ರಲ್ಲೇ ಕಂಡುಬಂದಿದೆ. ತಪ್ಪು ಹೇಳಿದರೆ ತಿದ್ದಬೇಡಿ. ಅಜ್ಜಿ ಬಂದು ಟೇಬಲ್ ತಡಕಾಡುವುದನ್ನು ಅವನೇ ನೋಡಲಿ, ಆಗ ನಿಧಾನವಾಗಿ ಹೇಳಿ: ‘ಕನ್ನಡಕ ಇಲ್ಲೇ ಇದೆ ಅಂತ ಅಜ್ಜಿ ಅಂದುಕೊಂಡಿದ್ದರು.’